ಗಾಳಿಗೆ ಗಡಿಯಿಲ್ಲ: ಬಳ್ಳಾರಿ ಸೀಮೆಯ ನೆಲ, ಋತು ಮತ್ತು ಹೊಗೆ



ಮಾಗಿಯ ಬೆಳಗಿನಲ್ಲಿ ಡಿ. ಹಿರೇಹಾಳಿನ ಹೊರಗೆ ನಿಂತು ಊರಿನ ಕಡೆಗೆ ನೋಡಿರಿ. ಒಲೆಯ ಹೊಗೆ ಮೇಲಕ್ಕೇರದೆ, ಮಾಳಿಗೆಗಳಿಗಿಂತ ತುಸು ಎತ್ತರದಲ್ಲಿ ಚಾಪೆ ಹಾಸಿದಂತೆ ಹರಡಿಕೊಂಡಿರುತ್ತದೆ. ಅದೇ ಹೊಗೆ ಬೇಸಿಗೆಯ ಮಧ್ಯಾಹ್ನದಲ್ಲಿ ಕ್ಷಣಮಾತ್ರದಲ್ಲಿ ಮೇಲೇರಿ ಮಾಯವಾಗುತ್ತದೆ. ಒಲೆಯೂ ಅದೇ, ಸೌದೆಯೂ ಅದೇ. ಹೊಗೆಯ ನಡತೆ ಮಾತ್ರ ಬೇರೆ. ಇದರ ಕಾರಣವನ್ನು ಅರಿತರೆ, ನಮಗೆ ಉತ್ತರದಲ್ಲಿರುವ ಬಳ್ಳಾರಿ ನಗರದ ಗಾಳಿ ವರ್ಷವೆಲ್ಲ ಏಕೆ ಒಂದೇ ತೆರನಾಗಿರುವುದಿಲ್ಲ ಎಂಬುದೂ ತಿಳಿಯುತ್ತದೆ.

ನೆಲದ ರಚನೆ

ಬಳ್ಳಾರಿಯು ಸಮುದ್ರಮಟ್ಟದಿಂದ ಸುಮಾರು 490 ಮೀಟರು ಎತ್ತರದ ಬಯಲಿನಲ್ಲಿದೆ. ಊರೊಳಗೆ ಬಳ್ಳಾರಿ ಗುಡ್ಡ, ಕುಂಬಾರ ಗುಡ್ಡ ಎಂಬ ಕಲ್ಲುಬೆಟ್ಟಗಳಿವೆ. ಪಶ್ಚಿಮಕ್ಕೆ ಸಂಡೂರಿನ ಬೆಟ್ಟಸಾಲು ಇದೆ. ಮುಂಗಾರಿನ ಮೋಡಗಳು ತಮ್ಮ ನೀರಿನ ಬಹುಭಾಗವನ್ನು ಪಶ್ಚಿಮ ಘಟ್ಟಗಳಲ್ಲೇ ಸುರಿಸಿ ಬರುವುದರಿಂದ ನಮ್ಮದು ಮಳೆನೆರಳಿನ ನಾಡು. ಅನಂತಪುರ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 55 ಸೆಂಟಿಮೀಟರು ಮಳೆಯಾಗುತ್ತದೆ. ಮಳೆಯೇ ಗಾಳಿಯನ್ನು ತೊಳೆಯುವ ನೀರು. ಅದು ಕಡಿಮೆಯಾದಲ್ಲಿ ನೆಲ ಒಣಗಿ, ಧೂಳು ಸುಲಭವಾಗಿ ಏಳುತ್ತದೆ.

ಇದು ಪ್ರಕೃತಿಯ ಧೂಳು. ಇದರೊಡನೆ ಮನುಷ್ಯನ ಧೂಳೂ ಹೊಗೆಯೂ ಸೇರಿವೆ. ಸಂಡೂರಿನ ಬೆಟ್ಟಗಳಲ್ಲಿಯೂ ನಮ್ಮ ಮಂಡಲದ ಓಬಳಾಪುರದಲ್ಲಿಯೂ ಕಬ್ಬಿಣದ ಅದಿರು ಇದೆ. ಅದಿರಿನ ಲಾರಿಗಳು ಎಡೆಬಿಡದೆ ಓಡುತ್ತಿದ್ದ ವರ್ಷಗಳಲ್ಲಿ ದಾರಿಯ ಬದಿಯ ಗಿಡಮರಗಳ ಎಲೆಗಳು ಕೆಂಪಾಗಿದ್ದುದನ್ನು ನಿಮ್ಮ ತಂದೆತಾಯಿಗಳು ಕಂಡಿದ್ದಾರೆ. 2011ರ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರಲ್ಲಿ ನಿಬಂಧನೆಗಳೊಡನೆ ಕೆಲವು ಗಣಿಗಳಿಗೆ ಮತ್ತೆ ಅನುಮತಿ ನೀಡಿತು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಕುಡಿತಿನಿಯ ಉಷ್ಣ ವಿದ್ಯುತ್ ಕೇಂದ್ರ, ನಗರದ ವಾಹನಗಳು, ಬೀದಿಯಲ್ಲಿ ಸುಡುವ ಕಸ ಇವೆಲ್ಲವೂ ಹೊಗೆಯ ಮೂಲಗಳೇ.

ಮೂರು ಕಾಲ, ಮೂರು ಗುಣ

ಬೇಸಿಗೆಯಲ್ಲಿ ಕಾದ ನೆಲವು ತನ್ನ ಮೇಲಿನ ಗಾಳಿಯನ್ನು ಕಾಯಿಸುತ್ತದೆ. ಕಾದ ಗಾಳಿ ಹಗುರವಾಗಿ ಮೇಲೇರುವಾಗ ಹೊಗೆಯನ್ನೂ ಕೊಂಡೊಯ್ದು, ಬಹು ಎತ್ತರದವರೆಗೆ ಬೆರೆಸಿ ತೆಳುಮಾಡುತ್ತದೆ. ಆದರೆ ಸುಳಿಗಾಳಿಗಳು ಹೊಲದ ಮಣ್ಣನ್ನು ಎಬ್ಬಿಸುತ್ತವೆ.

ಮುಂಗಾರಿನಲ್ಲಿ ನೈರುತ್ಯದಿಂದಲೂ ಪಶ್ಚಿಮದಿಂದಲೂ ಬಲವಾದ ಗಾಳಿ ಬೀಸುತ್ತದೆ. ಅದು ಹೊಗೆಯನ್ನು ಒಂದೆಡೆ ನಿಲ್ಲಗೊಡದು. ಆದರೆ ತೋರಣಗಲ್ಲು, ಕುಡಿತಿನಿಗಳು ಬಳ್ಳಾರಿಯ ಪಶ್ಚಿಮ ದಿಕ್ಕಿನಲ್ಲಿರುವುದರಿಂದ ಅಲ್ಲಿಯ ಹೊಗೆ ಆಗ ನಗರದ ಕಡೆಗೆ ಸಾಗುವುದು ಸಹಜ. ಈ ಗಾಳಿಯ ಬಲವನ್ನು ಕಾಣಬೇಕೆಂದಿರುವವರು ನೆರೆಯ ಬೊಮ್ಮನಹಾಳ್ ಮಂಡಲದ ದರ್ಗಾ ಹೊನ್ನೂರಿಗೆ ಹೋಗಿ ನೋಡಲಿ. ಹಗರಿ ನದಿಯ ಮರಳು ಗಾಳಿಯೊಡನೆ ಬಂದು ಹೊಲಗಳಲ್ಲಿ ದಿಬ್ಬಗಳಾಗಿ ನಿಂತಿದೆ.

ಮೂರನೆಯದಾದ ಮಾಗಿಯೇ ಕಠಿನವಾದುದು. ಸಾಮಾನ್ಯವಾಗಿ ಮೇಲೇರಿದಂತೆ ಗಾಳಿಯ ಉಷ್ಣತೆ ಕಿಲೋಮೀಟರಿಗೆ ಸುಮಾರು ಆರೂವರೆ ಡಿಗ್ರಿಯಂತೆ ಇಳಿಯುತ್ತದೆ. ಆದರೆ ಮೋಡವಿಲ್ಲದ ಚಳಿಗಾಲದ ರಾತ್ರಿಯಲ್ಲಿ ನೆಲ ಬೇಗನೆ ತಣ್ಣಗಾಗಿ, ನೆಲಕ್ಕೆ ಹತ್ತಿದ ಗಾಳಿಯೂ ತಣ್ಣಗಾಗುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿಯ ಪದರ ನಿಲ್ಲುತ್ತದೆ. ಇದನ್ನು ಉಷ್ಣತಾ ವಿಲೋಮ ಎನ್ನುತ್ತಾರೆ. ಕೆಳಗಿನ ತಣ್ಣನೆಯ ಗಾಳಿ ಭಾರವಾದುದರಿಂದ ಮೇಲೇರಲಾರದು. ಪಾತ್ರೆಗೆ ಮುಚ್ಚಳವಿಟ್ಟಂತೆ ಹೊಗೆ ನಮ್ಮ ಮೂಗಿನ ಮಟ್ಟದಲ್ಲೇ ಉಳಿಯುತ್ತದೆ. ಬಿಸಿಲೇರಿ ನೆಲ ಕಾದ ಮೇಲೆಯೇ ಆ ಮುಚ್ಚಳ ತೆರೆಯುತ್ತದೆ.

ಲಂಡನ್ನಿನ ಪಾಠ

1952ರ ಡಿಸೆಂಬರ್ 5ರಿಂದ 9ರವರೆಗೆ ಥೇಮ್ಸ್ ನದಿಯ ಕಣಿವೆಯಲ್ಲಿರುವ ಲಂಡನ್ ನಗರದ ಮೇಲೆ ಇಂತಹುದೇ ಮುಚ್ಚಳ ಕವಿಯಿತು. ಗಾಳಿ ಬೀಸಲಿಲ್ಲ, ಮನೆಮನೆಯ ಕಲ್ಲಿದ್ದಲಿನ ಹೊಗೆ ಮಂಜಿನೊಡನೆ ಬೆರೆತು ನಿಂತಿತು. ಆಗಿನ ಲೆಕ್ಕದಂತೆ ಸುಮಾರು 4,000 ಜನ ಹೆಚ್ಚಾಗಿ ಸತ್ತರು. ಮುಂದಿನ ಅಧ್ಯಯನಗಳು ಈ ಸಂಖ್ಯೆ ಇನ್ನೂ ದೊಡ್ಡದೆಂದು ತೋರಿಸಿದವು. 1956ರಲ್ಲಿ ಬ್ರಿಟನ್ ಶುದ್ಧ ವಾಯು ಕಾಯಿದೆಯನ್ನು ಮಾಡಿತು. ಆ ಜನರು ಹವೆಯನ್ನು ಬದಲಿಸಲಿಲ್ಲ, ಬದಲಿಸಲು ಸಾಧ್ಯವೂ ಇರಲಿಲ್ಲ. ಹೊಗೆಯನ್ನು ಕಡಿಮೆ ಮಾಡಿದರು. ನಾವು ಕಲಿಯಬೇಕಾದ ಪಾಠ ಇದೇ.

ನಮ್ಮ ಕರ್ತವ್ಯ

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹಿಂದೊಮ್ಮೆ ಮಾಗಿಯಲ್ಲಿ ಶಾಲೆಯ ಅಂಗಳದ ಬೇವಿನ ತರಗನ್ನು ಗುಡಿಸಿ, ಬೆಳಗಿನ ಪ್ರಾರ್ಥನೆಗೆ ಮುಂಚೆ ಸುಡಿಸುತ್ತಿದ್ದೆವು. ಅಂಗಳ ಚೊಕ್ಕಟವಾಯಿತೆಂದು ಸಂತೋಷಪಡುತ್ತಿದ್ದೆವು. ಒಂದು ದಿನ ಉಬ್ಬಸವಿದ್ದ ಬಾಲಕನೊಬ್ಬ ಸಾಲಿನಲ್ಲಿ ನಿಲ್ಲಲಾರದೆ ಕುಳಿತುಬಿಟ್ಟನು. ಹೊಗೆಯಲ್ಲಿ 2.5 ಮೈಕ್ರೋಮೀಟರಿಗಿಂತ ಸಣ್ಣ ಕಣಗಳು ಹೇರಳವಾಗಿರುತ್ತವೆ. ಅವು ತಲೆಗೂದಲಿನ ದಪ್ಪದ ಇಪ್ಪತ್ತೈದನೆಯ ಒಂದು ಪಾಲಿಗಿಂತಲೂ ಸಣ್ಣವಾಗಿ, ಪುಪ್ಪುಸದ ಒಳಭಾಗವನ್ನು ಮುಟ್ಟುತ್ತವೆ. ಇದು ಪುಸ್ತಕದಿಂದ ನಮಗೆ ತಿಳಿದೇ ಇತ್ತು. ಆದರೆ ಅಂಗಳದಲ್ಲಿ ನೆನಪಾಗಿರಲಿಲ್ಲ. ಅಂದಿನಿಂದ ತರಗು ಗೊಬ್ಬರದ ಗುಂಡಿಗೆ ಹೋಗುತ್ತಿದೆ. ಮಾಗಿಯಲ್ಲಿ ಓಟದ ಅಭ್ಯಾಸವನ್ನು ಬಿಸಿಲೇರಿದ ಮೇಲೆ ನಡೆಸುತ್ತೇವೆ.

ಪೋಷಕರಲ್ಲಿ ನಮ್ಮ ಬಿನ್ನಹವೂ ಇಷ್ಟೇ. ಬೆಳಗಿನ ಚಳಿಗೆಂದು ಹಳೆಯ ಟೈರು, ಪ್ಲಾಸ್ಟಿಕ್ಕುಗಳನ್ನು ಸುಡಬೇಡಿರಿ. ಗುಡಿಸುವ ಮುನ್ನ ನೀರು ಚಿಮುಕಿಸಿರಿ. ಹೊಲದ ಬದುಗಳಲ್ಲಿ ಮರ ಬೆಳೆಸಿರಿ. 1953ರ ಅಕ್ಟೋಬರ್ 1ರಂದು ಹಳೆಯ ಬಳ್ಳಾರಿ ಜಿಲ್ಲೆ ಒಡೆದು, ರಾಯದುರ್ಗ ಸೀಮೆ ಆಂಧ್ರಕ್ಕೂ ಬಳ್ಳಾರಿ ಮೈಸೂರಿಗೂ ಸೇರಿದವು. ಭೂಪಟದ ಆ ಗೆರೆ ಗಾಳಿಗೆ ತಿಳಿಯದು. ಅಲ್ಲಿಯ ಹೊಗೆ ಇಲ್ಲಿಗೆ, ಇಲ್ಲಿಯ ಧೂಳು ಅಲ್ಲಿಗೆ ಬರುತ್ತಲೇ ಇರುತ್ತದೆ. ಬೆಟ್ಟವನ್ನು ಸರಿಸುವುದು, ಮಾಗಿಯನ್ನು ತಡೆಯುವುದು ನಮ್ಮಿಂದಾಗದು. ಬೆಂಕಿ ಹಚ್ಚುವ ಕೈಯನ್ನು ತಡೆಯುವುದು ಆಗುತ್ತದೆ.

ಅಭ್ಯಾಸ

1. ಮಳೆನೆರಳಿನ ನಾಡಿನಲ್ಲಿ ಧೂಳು ಹೆಚ್ಚಾಗಲು ಕಾರಣವೇನು?
2. ಉಷ್ಣತಾ ವಿಲೋಮವನ್ನು ಚಿತ್ರ ಬರೆದು ವಿವರಿಸಿರಿ.
3. ಒಂದು ವಾರ ಬೆಳಿಗ್ಗೆ ಏಳು ಗಂಟೆಗೂ ಮಧ್ಯಾಹ್ನ ಎರಡು ಗಂಟೆಗೂ ದೂರದ ಒಂದು ಗುಡ್ಡವನ್ನು ನೋಡಿ, ಅದು ಎಷ್ಟು ಸ್ಪಷ್ಟವಾಗಿ ಕಾಣುತ್ತದೆಂದೂ ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೆಂದೂ ಬರೆದಿಡಿರಿ. ಎರಡು ಹೊತ್ತಿನ ವ್ಯತ್ಯಾಸಕ್ಕೆ ಕಾರಣ ತಿಳಿಸಿರಿ.