ಹಾಲ್ ಒಡೆಯುವ ಮೊದಲು ಕಾಗದ ಗಟ್ಟಿಯಿರಲಿ

ಮೈಸೂರಿನಲ್ಲಿರುವ ನನ್ನ ಅಕ್ಕನ ಮನೆಯ ಹಾಲ್ ಕೆಲಸಕ್ಕೆ ಗುತ್ತಿಗೆದಾರರೊಬ್ಬರು ಬರೆದುಕೊಟ್ಟ ಚೀಟಿ ಈಗಲೂ ನನ್ನ ಫೈಲಿನಲ್ಲಿದೆ. “ಹಾಲ್ ಇಂಟೀರಿಯರ್, ಫುಲ್ ವರ್ಕ್, 4,80,000. ಅಡ್ವಾನ್ಸ್ 2,50,000 ಸಂದಿದೆ.” ಕೆಳಗೊಂದು ಸಹಿ, ಅಷ್ಟೇ. ದಿನಾಂಕವೂ ಇಲ್ಲ. ಆಷಾಢ ಮುಗಿದ ಮೇಲೆ ಶುರು ಮಾಡಿ ಗೌರಿ ಹಬ್ಬದೊಳಗೆ ಮುಗಿಸಿಕೊಡುತ್ತೇನೆ ಎಂದಿದ್ದವರು, ದೀಪಾವಳಿಯ ಹೊತ್ತಿಗೆ ಅರ್ಧ ಫಾಲ್ಸ್ ಸೀಲಿಂಗ್ ಮತ್ತು ಬಾಗಿಲು ಕೂರದ ಟಿವಿ ಯೂನಿಟ್ ಬಿಟ್ಟು ಫೋನ್ ಎತ್ತುವುದನ್ನೇ ನಿಲ್ಲಿಸಿದ್ದರು. “ಯಾವ ಪ್ಲೈವುಡ್ ಹಾಕ್ತೀನಿ ಅಂದಿದ್ರು?” ಎಂದು ಕೇಳಿದೆ. “ಒಳ್ಳೇದೇ ಹಾಕ್ತೀನಿ ಅಂದಿದ್ರು ಕಣೋ” ಎಂದಳು ಅಕ್ಕ.

“ಒಳ್ಳೇದು” ಎಂಬ ಮಾತನ್ನು ಯಾವ ಗ್ರಾಹಕ ಆಯೋಗದ ಮುಂದೆಯೂ ಅಳೆದು ತೋರಿಸಲಾಗುವುದಿಲ್ಲ. ವಕೀಲನಾಗಿ ಮನೆ ಕೆಲಸದ ವ್ಯಾಜ್ಯಗಳನ್ನು ನೋಡುತ್ತ ನನಗೆ ಮನದಟ್ಟಾಗಿರುವುದು ಇಷ್ಟು: ಮನೆ ನವೀಕರಣದ ಬಜೆಟ್ ಬರೀ ಖರ್ಚಿನ ಲೆಕ್ಕವಲ್ಲ, ಅದು ನಿಮ್ಮ ಮೊದಲ ಸಾಕ್ಷಿ. ಕೆಲಸ ಕೆಟ್ಟ ಮೇಲೆ ಹುಡುಕುವ ಹಕ್ಕುಗಳಲ್ಲಿ ಹೆಚ್ಚಿನವು ಕೆಲಸ ಶುರುವಾಗುವ ಮುನ್ನ ಬರೆದ ಎಸ್ಟಿಮೇಟಿನ ಮೇಲೆ ನಿಂತಿರುತ್ತವೆ.

ಬಾಯಿಮಾತಿನ ಕರಾರಿಗೂ ಕಾನೂನಿನ ಬಲವಿದೆ. 1872ರ ಭಾರತೀಯ ಕರಾರು ಕಾಯ್ದೆ ಎಲ್ಲ ಒಪ್ಪಂದವೂ ಬರಹದಲ್ಲೇ ಇರಬೇಕೆಂದು ಹೇಳುವುದಿಲ್ಲ. ಆದರೆ ಏನು ಒಪ್ಪಿದ್ದೆವು ಎಂಬುದನ್ನು ಸಾಬೀತು ಮಾಡುವ ಹೊಣೆ ದೂರುವವರ ಮೇಲೆ ಬೀಳುತ್ತದೆ. ಆದ್ದರಿಂದ “ಲಮ್ಸಮ್” ಎಂಬ ಒಂದು ಸಾಲಿನ ಕೊಟೇಷನ್ ಒಪ್ಪಬೇಡಿ. 16 ಅಡಿಗೆ 12 ಅಡಿಯ ಹಾಲ್ ಇದೆ ಎನ್ನೋಣ. ನೆಲ 192 ಚದರಡಿ, ಕತ್ತರಿಸುವಾಗ ಹಾಳಾಗುವುದಕ್ಕೆ ಶೇ 10 ಸೇರಿಸಿದರೆ ಸುಮಾರು 211 ಚದರಡಿ ಟೈಲ್ಸ್. ಹತ್ತು ಅಡಿ ಎತ್ತರದ ನಾಲ್ಕು ಗೋಡೆ 560 ಚದರಡಿ. ಮುಂಬಾಗಿಲು, ಕಿಟಕಿ, ಊಟದ ಕೋಣೆಗೆ ಹೋಗುವ ತೆರವು ಸೇರಿ 86 ಚದರಡಿ ಕಳೆದರೆ 474. ಈ 86 ಚದರಡಿಯನ್ನು ಕಳೆಯಬೇಕೋ ಬೇಡವೋ ಎಂಬ ಜಗಳ ಎಷ್ಟು ಮನೆಗಳಲ್ಲಿ ನಡೆದಿದೆಯೆಂದು ಲೆಕ್ಕವಿಡಲಾರೆ. ಚದರಡಿಗೆ 30 ರೂಪಾಯಿಯ ಪೇಂಟ್ ಆದರೆ ಎರಡೂವರೆ ಸಾವಿರದ ಮಾತು. ಅದೇ 500 ರೂಪಾಯಿಯ ಪ್ಯಾನೆಲಿಂಗ್ ಆದರೆ 43,000. ಕಟ್ಟಡ ಕೆಲಸ ಅಳೆಯುವುದಕ್ಕೆಂದೇ ಐಎಸ್ 1200 ಎಂಬ ಭಾರತೀಯ ಮಾನದಂಡವಿದೆ. “ಅಳತೆ ಐಎಸ್ 1200 ಪ್ರಕಾರ, ಕೊನೆಯ ಅಳತೆ ಇಬ್ಬರ ಸಮಕ್ಷಮದಲ್ಲಿ” ಎಂದು ಒಂದು ವಾಕ್ಯ ಬರೆಸಿಕೊಂಡರೆ ಆ ಜಗಳ ಹುಟ್ಟುವ ಮೊದಲೇ ಮುಗಿಯುತ್ತದೆ.

ಸಾಮಾನಿನ ಹೆಸರೂ ಹೀಗೇ. “ವಾಟರ್‌ಪ್ರೂಫ್ ಪ್ಲೈ” ಎಂದರೆ ಏನೂ ಹೇಳಿದಂತಾಗಲಿಲ್ಲ. ಸಾಮಾನ್ಯ ಬಳಕೆಯ ಪ್ಲೈವುಡ್‌ಗೆ ಐಎಸ್ 303, ಮೆರೈನ್ ಪ್ಲೈವುಡ್‌ಗೆ ಐಎಸ್ 710, ಪಿವಿಸಿ ವೈರಿಗೆ ಐಎಸ್ 694 ಎಂಬ ಮಾನದಂಡಗಳಿವೆ. ಯಾವುದು, ಯಾವ ಕಂಪನಿಯದು, ಎಷ್ಟು ಮಿಲಿಮೀಟರ್ ದಪ್ಪ ಎಂದು ಬರೆಯಿಸಿ. ಸಾಮಾನು ಬಂದಿಳಿದ ದಿನವೇ ಐಎಸ್‌ಐ ಗುರುತಿನ ಜೊತೆ ಇರುವ ಸಿಎಂ/ಎಲ್ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ಪರವಾನಗಿ ಯಾರದು, ಚಾಲ್ತಿಯಲ್ಲಿದೆಯೇ ಎಂಬುದು ತಿಳಿಯುತ್ತದೆ. ಲ್ಯಾಮಿನೇಟ್ ಅಂಟಿಸಿದ ಮೇಲೆ ಒಳಗಿನ ಹಲಗೆ ಯಾವುದೆಂದು ಕಾಣುವುದಿಲ್ಲ. ಹಾಗಾಗಿ ಅಂಟಿಸುವ ಮೊದಲೇ ಫೋಟೊ ತೆಗೆದಿಡಬೇಕು. ಗೋಡೆಯೊಳಗೆ ಹೋಗುವ ಕನ್ಸೀಲ್ಡ್ ವೈರಿಂಗಿಗೂ ಇದೇ ಮಾತು.

ಇನ್ನು “ಜಿಎಸ್‌ಟಿ ಪ್ರತ್ಯೇಕ” ಎಂದು ಕೊನೆಯಲ್ಲಿ ಸಣ್ಣಕ್ಷರದಲ್ಲಿರುವ ಸಾಲು. ಸಾಮಾನು ಸಮೇತ ಮಾಡಿಕೊಡುವ ಒಳಾಂಗಣ ಕೆಲಸಕ್ಕೆ ಶೇ 18ರಷ್ಟು ತೆರಿಗೆ. ಅಕ್ಕನ 4,80,000ಕ್ಕೆ ಅದು 86,400 ಆಗುತ್ತಿತ್ತು. ಬಜೆಟ್ ಹಾಕುವಾಗಲೇ ಇದನ್ನು ಸೇರಿಸಿ. ನೋಂದಣಿಯಿಲ್ಲದ ಗುತ್ತಿಗೆದಾರರು ನಿಮ್ಮಿಂದ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ. ಕಾಂಪೊಸಿಷನ್ ಪದ್ಧತಿಯಲ್ಲಿರುವವರೂ ಬಿಲ್ಲಿನಲ್ಲಿ ಬೇರೆಯಾಗಿ ತೆರಿಗೆ ಹಾಕುವಂತಿಲ್ಲ. ಕರ್ನಾಟಕದ ನೋಂದಣಿ ಸಂಖ್ಯೆ 29ರಿಂದ ಶುರುವಾಗುತ್ತದೆ, ಒಟ್ಟು 15 ಅಕ್ಷರ-ಅಂಕಿ. ಜಿಎಸ್‌ಟಿ ಪೋರ್ಟಲಿನಲ್ಲಿ ಯಾರು ಬೇಕಾದರೂ ಅದನ್ನು ಪರಿಶೀಲಿಸಬಹುದು. “ಬಿಲ್ ಬೇಡ ಅಂದ್ರೆ ಕಡಿಮೆ ಮಾಡಿಕೊಡ್ತೀನಿ” ಎನ್ನುವವರ ಮಾತಿಗೆ ಒಪ್ಪಿದರೆ ನಾಳೆ ದೂರು ಕೊಡುವಾಗ ತೋರಿಸಲು ನಿಮ್ಮ ಕೈ ಬರಿದಾಗಿರುತ್ತದೆ. ಬಿಲ್ ಕೊಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಯೆಂದೇ ಕರೆದಿದೆ. ಹಣವನ್ನು ಬ್ಯಾಂಕ್ ಮೂಲಕವೇ ಕೊಡಿ. ಒಂದೇ ವ್ಯವಹಾರಕ್ಕೆ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನೂ ನಿಷೇಧಿಸಿದೆ. ಅಕ್ಕ ಅಡ್ವಾನ್ಸನ್ನು ಎರಡು ಸಲ ಬ್ಯಾಂಕಿನಿಂದ ವರ್ಗಾಯಿಸಿದ್ದಳು. ಚೀಟಿಯಲ್ಲಿಲ್ಲದ ದಿನಾಂಕ ನಮಗೆ ಸಿಕ್ಕಿದ್ದು ಅವಳ ಪಾಸ್‌ಬುಕ್ಕಿನಲ್ಲಿ.

ಅಡ್ವಾನ್ಸ್ ಎಷ್ಟು ಕೊಡಬೇಕೆಂದು ಕಾನೂನು ಹೇಳುವುದಿಲ್ಲ. ನನ್ನ ಸಲಹೆ: ಕೆಲಸ ಕಂಡಷ್ಟೇ ಹಣ ನಡೆಯಲಿ. ಒಡೆಯುವುದು ಮತ್ತು ವೈರಿಂಗ್ ಮುಗಿದಾಗ ಇಷ್ಟು, ಸೀಲಿಂಗ್ ಮತ್ತು ನೆಲ ಮುಗಿದಾಗ ಇಷ್ಟು, ಮರಗೆಲಸ ಕೂರಿಸಿದಾಗ ಇಷ್ಟು ಎಂದು ಹಂತ ಬರೆದು, ಕೊನೆಯ ಶೇ 10 ಎಲ್ಲ ಮುಗಿದು ಒಂದು ತಿಂಗಳ ನಂತರ ಎಂದಿಡಿ. ಬಾಗಿಲು ಬಾಗುವುದು, ಪುಟ್ಟಿ ಬಿರುಕು ಬಿಡುವುದು ಕಾಣಿಸುವುದು ಆ ತಿಂಗಳಲ್ಲೇ. ನಿಮ್ಮ ಕೈಯಲ್ಲೂ ಶೇ 10ರಿಂದ 15ರಷ್ಟು ಹಣ ಬೇರೆ ಇರಲಿ. ಹಳೇ ಮನೆಯ ಗೋಡೆ ಕೊರೆದಾಗ ಒಳಗಿನ ವೈರು, ಪೈಪು ಯಾವ ಸ್ಥಿತಿಯಲ್ಲಿವೆಯೋ ಯಾರಿಗೂ ಗೊತ್ತಿರುವುದಿಲ್ಲ.

ಹೆಚ್ಚುವರಿ ಕೆಲಸದ ವಿಷಯದಲ್ಲಿ ಕಾನೂನು ಗುತ್ತಿಗೆದಾರರ ಪರವಾಗಿಯೂ ನಿಲ್ಲುತ್ತದೆ ಎಂಬುದನ್ನು ಹೇಳಲೇಬೇಕು. ಉಚಿತವಾಗಿ ಮಾಡುವ ಉದ್ದೇಶವಿಲ್ಲದೆ ಒಬ್ಬರು ಮಾಡಿಕೊಟ್ಟ ಕೆಲಸದ ಲಾಭವನ್ನು ನೀವು ಅನುಭವಿಸಿದರೆ ಅದಕ್ಕೆ ಪರಿಹಾರ ಕೊಡಬೇಕು ಎನ್ನುತ್ತದೆ ಕರಾರು ಕಾಯ್ದೆಯ 70ನೇ ಕಲಂ. “ಅಲ್ಲೇ ಒಂದು ಶೆಲ್ಫ್ ಹಾಕಿಬಿಡಿ” ಎಂದು ನೀವು ಹೇಳಿದ್ದಕ್ಕೆ ಬೆಲೆಯಿದೆ. ಹಾಗಾಗಿ ಹೇಳುವ ಮೊದಲು ವಾಟ್ಸಾಪ್‌ನಲ್ಲಿ ದರ ಕೇಳಿ, ಒಪ್ಪಿಗೆ ಬರೆದು, ಆಮೇಲೆ ಮಾಡಿಸಿ. ಆ ಸಂದೇಶಗಳನ್ನು ಅಳಿಸಬೇಡಿ, ಫೋನ್ ಬದಲಿಸುವಾಗ ಜೋಪಾನ ಮಾಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರದೊಂದಿಗೆ ಇಂಥ ದಾಖಲೆ ಸಾಕ್ಷ್ಯವಾಗುತ್ತದೆ.

ಗಡುವನ್ನು ಹಬ್ಬದ ಹೆಸರಿನಲ್ಲಲ್ಲ, ತಾರೀಖಿನಲ್ಲಿ ಬರೆಯಿಸಿ. “ಕಾಲಾವಧಿ ಈ ಕರಾರಿನ ಮುಖ್ಯ ಷರತ್ತು” ಎಂಬ ಮಾತಿದ್ದರೆ, ಗಡುವು ಮೀರಿದಾಗ ಕರಾರು ರದ್ದುಪಡಿಸಲು ಕರಾರು ಕಾಯ್ದೆಯ 55ನೇ ಕಲಂ ಅವಕಾಶ ಕೊಡುತ್ತದೆ. ತಡವಾದ ವಾರಕ್ಕೆ ಇಂತಿಷ್ಟು ಎಂದು ಬರೆದುಕೊಂಡಿದ್ದರೆ, 74ನೇ ಕಲಂ ಪ್ರಕಾರ ಆ ಮೊತ್ತ ಮೀರದಂತೆ ನ್ಯಾಯಯುತ ಪರಿಹಾರ ಸಿಗುತ್ತದೆ. ಬರೆದ ಮೊತ್ತ ಪೂರ್ತಿ ಸಿಕ್ಕೇ ಸಿಗುತ್ತದೆ ಎಂದು ಮಾತ್ರ ನಂಬಿಕೊಂಡಿರಬೇಡಿ.

ಫ್ಲ್ಯಾಟಿನಲ್ಲಿರುವವರಿಗೆ ಒಂದು ಮಾತು, ಅದೂ ಖರ್ಚಿಗೆ ಮೊದಲು. ಹಾಲ್‌ನ ಗೋಡೆ ಒಸರುತ್ತಿದೆ, ಟೈಲ್ಸ್ ಎದ್ದಿದೆ ಎಂದು ನವೀಕರಣಕ್ಕೆ ಹೊರಟಿದ್ದೀರಾದರೆ, ಮನೆ ಸ್ವಾಧೀನಕ್ಕೆ ಸಿಕ್ಕಿ ಐದು ವರ್ಷ ಆಗಿದೆಯೇ ನೋಡಿ. ಆಗಿಲ್ಲದಿದ್ದರೆ, ರೇರಾ ಕಾಯ್ದೆಯ 14ನೇ ಕಲಂ ಪ್ರಕಾರ ಕಟ್ಟಡದ ರಚನೆ ಅಥವಾ ಕೆಲಸದ ಗುಣಮಟ್ಟದ ದೋಷವನ್ನು ನೀವು ತಿಳಿಸಿದ 30 ದಿನದೊಳಗೆ ಬಿಲ್ಡರ್ ತಮ್ಮ ಖರ್ಚಿನಲ್ಲೇ ಸರಿಪಡಿಸಬೇಕು. ನೀವೇ ಒಡೆದು ಹೊಸ ಟೈಲ್ಸ್ ಹಾಕಿಸಿಬಿಟ್ಟರೆ ದೋಷದ ಗುರುತೇ ಅಳಿಸಿಹೋಗುತ್ತದೆ. ಮೊದಲು ಫೋಟೊ, ನಂತರ ಬಿಲ್ಡರಿಗೆ ಪತ್ರ, ಆಮೇಲೆ ಸುತ್ತಿಗೆ.

ಬಣ್ಣ, ಪ್ಲಾಸ್ಟರ್, ನೆಲಹಾಸು ಬದಲಿಸುವುದಕ್ಕೆ ಸಾಮಾನ್ಯವಾಗಿ ನಗರಪಾಲಿಕೆಯ ಪರವಾನಗಿ ಬೇಕಾಗುವುದಿಲ್ಲ. ಗೋಡೆ ಹೊರಗೆ ತಳ್ಳಿ ಹಾಲ್ ದೊಡ್ಡದು ಮಾಡುವುದು, ಬಾಲ್ಕನಿ ಮುಚ್ಚಿ ಒಳಗೆ ಸೇರಿಸಿಕೊಳ್ಳುವುದು ಬೇರೆ ಮಾತು. ಅದು ಮಂಜೂರಾದ ನಕ್ಷೆಯನ್ನೇ ಬದಲಿಸುತ್ತದೆ, ಸ್ಥಳೀಯ ಸಂಸ್ಥೆಯಲ್ಲಿ ಮೊದಲು ವಿಚಾರಿಸಬೇಕು. ಪಿಲ್ಲರ್, ಬೀಮ್, ಭಾರ ಹೊತ್ತ ಗೋಡೆಯನ್ನು ಸ್ಟ್ರಕ್ಚರಲ್ ಎಂಜಿನಿಯರ್ ಬರೆದುಕೊಡದೆ ಮುಟ್ಟಬೇಡಿ. ಅಪಾರ್ಟ್‌ಮೆಂಟಿನಲ್ಲಿ ಕಟ್ಟಡದ ಭದ್ರತೆಗೆ ಧಕ್ಕೆ ತರುವ ಕೆಲಸವನ್ನು ಉಳಿದ ಮಾಲೀಕರೆಲ್ಲರ ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ ಎಂಬುದು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಹಾಕಿಕೊಟ್ಟ ಕಟ್ಟಳೆ. ಸಂಘದ ಬೈಲಾದಲ್ಲಿ ಕೆಲಸದ ಸಮಯ, ಲಿಫ್ಟ್ ಬಳಕೆ, ಠೇವಣಿ ಕುರಿತ ನಿಯಮಗಳಿರುತ್ತವೆ. ಠೇವಣಿಯೂ ಬಜೆಟ್ಟಿನೊಳಗೆ ಬರಲಿ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವ ಕಟ್ಟಡ ಯಂತ್ರ ಬಳಸುವುದನ್ನು 2000ದ ಶಬ್ದ ಮಾಲಿನ್ಯ ನಿಯಮಗಳು ನಿಷೇಧಿಸಿವೆ. ಒಡೆದ ಗಾರೆ, ಟೈಲ್ಸ್ ಚೂರು ರಸ್ತೆ ಬದಿಗೋ ರಾಜಕಾಲುವೆಗೋ ಬಿದ್ದರೆ ಮನೆಯವರೂ ಉತ್ತರ ಹೇಳಬೇಕಾಗುತ್ತದೆ. ಸಾಗಿಸುವ ಖರ್ಚು ಯಾರದೆಂದು ಕರಾರಿನಲ್ಲೇ ಬರೆಯಿಸಿ. ಬಾಡಿಗೆ ಮನೆಯಾದರೆ ಮಾಲೀಕರ ಲಿಖಿತ ಒಪ್ಪಿಗೆಯಿಲ್ಲದೆ ಒಂದು ಗೋಡೆಯನ್ನೂ ಕೊರೆಸಬೇಡಿ.

ಇಷ್ಟಾದರೂ ಕೆಲಸ ಕೆಟ್ಟರೆ? ಪೊಲೀಸ್ ಠಾಣೆಗೆ ಓಡುವವರೇ ಹೆಚ್ಚು. ಅಲ್ಲಿ “ಇದು ಸಿವಿಲ್ ವಿಷಯ” ಎಂಬ ಉತ್ತರ ಬಂದಾಗ ಕುಗ್ಗಿಹೋಗುತ್ತಾರೆ. ಆರಂಭದಿಂದಲೇ ಮೋಸದ ಉದ್ದೇಶವಿತ್ತು ಎಂಬುದಕ್ಕೆ ಆಧಾರವಿದ್ದರಷ್ಟೇ ಅದು ವಂಚನೆಯ ಅಪರಾಧ. ಕಳಪೆ ಕೆಲಸ, ಅರ್ಧಕ್ಕೆ ಬಿಟ್ಟ ಕೆಲಸ ಗ್ರಾಹಕ ಕಾಯ್ದೆಯ ಪ್ರಕಾರ ಸೇವಾ ನ್ಯೂನತೆ. ಗೃಹ ನಿರ್ಮಾಣವೂ ‘ಸೇವೆ’ಯೇ ಎಂದು ಸುಪ್ರೀಂ ಕೋರ್ಟ್ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ 1993ರಲ್ಲೇ ಹೇಳಿತು. ದೊಡ್ಡ ಇಂಟೀರಿಯರ್ ಕಂಪನಿಗೂ ಬೀದಿಯ ಮೂಲೆಯ ಗುತ್ತಿಗೆದಾರರಿಗೂ ಇದು ಒಂದೇ.

ಮೊದಲು ಎಲ್ಲೆಲ್ಲಿ ಏನು ದೋಷ ಎಂದು ಒಬ್ಬ ಎಂಜಿನಿಯರ್‌ರಿಂದ ವರದಿ ಬರೆಸಿಕೊಳ್ಳಿ, ಸರಿಪಡಿಸಲು ಬೇಕಾದ ಖರ್ಚಿನ ಸಮೇತ. ಬೇರೆಯವರಿಂದ ಕೆಲಸ ಮುಂದುವರಿಸುವ ಆತುರದಲ್ಲಿ ಇದನ್ನು ಬಿಟ್ಟವರ ದೂರು ಎಷ್ಟೋ ಸಲ ಸೊರಗಿಹೋಗಿದೆ. ನಂತರ 15 ದಿನದ ಗಡುವು ಕೊಟ್ಟು ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳುಹಿಸಿ. 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕೆಲವೊಮ್ಮೆ ಅಲ್ಲಿಗೇ ಇತ್ಯರ್ಥವಾಗುತ್ತದೆ. ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ನೀವು ಕೊಟ್ಟ ಹಣ 50 ಲಕ್ಷ ಮೀರದಿದ್ದರೆ ಅಲ್ಲೇ ದೂರು. 5 ಲಕ್ಷದವರೆಗೆ ಶುಲ್ಕವೇ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ. ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಸಲ್ಲಿಸಬಹುದು, ವಕೀಲರು ಕಡ್ಡಾಯವಲ್ಲ. ವ್ಯಾಜ್ಯಕ್ಕೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ ಕಾಲಮಿತಿ. “ನಾಳೆ ಬರ್ತೀನಿ” ಎಂಬ ಮಾತು ಕೇಳುತ್ತ ಆ ಎರಡು ವರ್ಷ ಕಳೆದುಕೊಳ್ಳಬೇಡಿ.

ಕಂಪನಿಯ ಅಚ್ಚು ಹಾಕಿದ ಕರಾರಿನಲ್ಲಿ ವಿವಾದ ಬಂದರೆ ದೂರದ ಊರಿನಲ್ಲಿ ಆರ್ಬಿಟ್ರೇಟರ್ ಮುಂದೆ ಎಂದಿರುವುದು ಕಂಡು ಎಷ್ಟೋ ಜನ ಕೈಚೆಲ್ಲುತ್ತಾರೆ. ಚೆಲ್ಲಬೇಕಾಗಿಲ್ಲ. ಅಂಥ ಷರತ್ತು ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ನೀವು ವಾಸಿಸುವ ಅಥವಾ ದುಡಿಯುವ ಊರಿನ ಆಯೋಗದಲ್ಲೇ ದೂರು ಕೊಡುವ ಹಕ್ಕನ್ನು 2019ರ ಕಾಯ್ದೆ ಕೊಟ್ಟಿದೆ. ಹಾಸನದವರು ಗುರುಗ್ರಾಮಕ್ಕೆ ಹೋಗಬೇಕಿಲ್ಲ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ, ಸಂಖ್ಯೆ 15100. ಆಯೋಗದ ಆದೇಶವನ್ನು ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಅಥವಾ ಕನಿಷ್ಠ 25,000 ರೂಪಾಯಿ ದಂಡ, ಅಥವಾ ಎರಡೂ.

ಅಕ್ಕನ ದೂರು ಆಯೋಗದ ಮಧ್ಯಸ್ಥಿಕೆಯಲ್ಲೇ ಮುಗಿಯಿತು. 1,10,000 ರೂಪಾಯಿ ಮರಳಿ ಬಂತು. ಉಳಿದ ಕೆಲಸಕ್ಕೆ ಬಂದ ಮೇಸ್ತ್ರಿ ಕೊಟ್ಟ ಎಸ್ಟಿಮೇಟ್ ಮೂರು ಪುಟವಿತ್ತು. ಅಕ್ಕ ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಓದಿ, ಪ್ಲೈವುಡ್ ಎಂದು ಬರೆದಿದ್ದ ಕಡೆ ಬೆರಳಿಟ್ಟು, “ಯಾವ ಐಎಸ್ ನಂಬರು ಅಂತ ಇಲ್ಲಿ ಬರೀರಿ” ಎಂದಳು.