ನಿಮ್ಮವ್ವನಿಗೂ ಒಂದು ಜೊತೆ ನೀರಿನ ಬಟ್ಟೆ

ಮಗಾ,

ರಜೆಯಲ್ಲಿ ಹೆಂಡತಿ ಮಕ್ಕಳನ್ನೂ ನಿಮ್ಮವ್ವನನ್ನೂ ಕರಕೊಂಡು ಮೈಸೂರಿನ ಜಿಆರ್‌ಎಸ್ ಪಾರ್ಕಿಗೆ ಹೋಗಬೇಕೆಂದಿದ್ದೀಯ, ಏನೇನು ತಗೊಂಡು ಹೋಗಬೇಕು ದೊಡ್ಡವ್ವ ಎಂದು ಕೇಳಿದ್ದೀಯ. ಎಲ್ಲಕ್ಕಿಂತ ಮೊದಲು ನಿಮ್ಮವ್ವ ನೀರಿಗಿಳಿಯಲು ಒಂದು ಜೊತೆ ಬಟ್ಟೆ ಇಡು. ಮಕ್ಕಳದ್ದು ಆಮೇಲೆ.

ಇಂಥ ಜಾಗಗಳಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಮನೆಮಂದಿಯೆಲ್ಲ ನೀರಿನಲ್ಲಿ ಕೇಕೆ ಹಾಕುತ್ತಿರುತ್ತಾರೆ. ದಂಡೆಯಲ್ಲಿ ಒಬ್ಬ ಹೆಂಗಸು ಒಣಗಿದ ಸೀರೆಯಲ್ಲಿ, ಬ್ಯಾಗು, ಚಪ್ಪಲಿ, ಮೊಬೈಲು, ಎಲ್ಲರ ಒಡವೆ ಮಡಿಲಲ್ಲಿಟ್ಟುಕೊಂಡು ಸಂಜೆಯವರೆಗೆ ಕೂತಿರುತ್ತಾಳೆ. ಅವಳಿಗೂ ಟಿಕೆಟ್ ತಗೊಂಡಿರುತ್ತಾರೆ. ಕೇಳಿದರೆ "ನನಗೆ ಬೇಡ ಕಣಪ್ಪ, ನೀವು ಆಡಿ" ಅನ್ನುತ್ತಾಳೆ. ಅದನ್ನು ನಂಬಬೇಡ. ನಮ್ಮ ಕಡೆಯ ಹೆಂಗಸರು ನೀರಿಗೆ ಹಿಂಜರಿದವರಲ್ಲ. ತಿ. ನರಸೀಪುರದಲ್ಲಿ ಕಾವೇರಿ, ಕಪಿಲೆ, ಸ್ಫಟಿಕ ಸರೋವರ ಕೂಡುವಲ್ಲಿ 1989ರಲ್ಲಿ ಶುರುವಾದ ಕುಂಭಮೇಳ 2025ರ ಫೆಬ್ರವರಿಯಲ್ಲೂ ನಡೆಯಿತಲ್ಲ, ಅಲ್ಲಿ ಸೊಂಟ ಬಗ್ಗಿದ ಮುದುಕಿಯರೂ ಉಟ್ಟ ಸೀರೆಯಲ್ಲೇ ಮುಳುಗೆದ್ದು ಬಂದರು. ನಂಜನಗೂಡಿನ ಜಾತ್ರೆಯಲ್ಲಿ ಕಪಿಲೆಯ ಸೋಪಾನದ ಮೇಲೂ ಅಷ್ಟೆ. ಹೊಳೆಗೆ ಸೀರೆಯಲ್ಲೇ ಇಳಿಯಬಹುದು, ಪಾರ್ಕಿನ ಕೊಳಕ್ಕೆ ಇಳಿಯುವಂತಿಲ್ಲ. ನಿಮ್ಮವ್ವ ದಂಡೆಯಲ್ಲಿ ಕೂರುವುದಾದರೆ ಅವಳಿಗೆಂದು ಯಾರೂ ಬಟ್ಟೆ ತರಲಿಲ್ಲ ಎನ್ನುವುದೇ ಕಾರಣ.

ಸೀರೆ ಯಾಕೆ ಬೇಡ ಎನ್ನುವುದನ್ನು ಅವಳಿಗೆ ಬಿಡಿಸಿ ಹೇಳು. ಹತ್ತಿ ಬಟ್ಟೆ ನೀರು ಕುಡಿದು ಭಾರವಾಗುತ್ತದೆ. ಅಲೆಯ ಕೊಳದಲ್ಲಿ ಆರು ಗಜದ ಸೀರೆ ಕಾಲಿಗೆ ಸುತ್ತಿಕೊಂಡರೆ ಈಜು ಬಲ್ಲವಳೂ ಎದ್ದು ನಿಲ್ಲಲಾರಳು. ಹತ್ತಿಯ ನೂಲು, ಬಣ್ಣ ನೀರಿಗೆ ಬಿಟ್ಟು ಶೋಧಿಸುವ ಯಂತ್ರಕ್ಕೂ ತೊಂದರೆ. ಬಿಡದಿ ಹತ್ತಿರದ ವಂಡರ್‌ಲಾದಲ್ಲಿ ನೈಲಾನಿನಂಥ ಬಟ್ಟೆಯೇ ಆಗಬೇಕೆಂಬ ನಿಯಮ ಇರುವುದು ಇದಕ್ಕೇ. ಜಾರುಬಂಡಿಯಲ್ಲಿ ದುಪಟ್ಟ, ಉದ್ದನೆಯ ಲಾಡಿ, ಜಿಪ್ಪು, ಲೋಹದ ಗುಂಡಿ ಯಾವುದೂ ಇರಬಾರದು. ಕೈ ಪೂರಾ ಮುಚ್ಚುವ, ಕಾಲು ಗಿಣ್ಣಿನವರೆಗೆ ಬರುವ ನೈಲಾನ್ ಉಡುಪು ಈಗ ಸಿಗುತ್ತದೆ. ಮೈ ಕಾಣುತ್ತದೆ ಎಂಬ ಸಂಕೋಚ ಅವಳಿಗಿದ್ದರೆ ಅಂಥದನ್ನೇ ತಗೋ, ಗಾಢ ಬಣ್ಣದ್ದು. ಪಾರ್ಕಿನಲ್ಲೇ ಬಾಡಿಗೆಗೆ ತಗೊಂಡರಾಯಿತು ಎನ್ನಬೇಡ. ಸಾಲಿನಲ್ಲಿ ನಿಂತು, ನೂರು ಜನರ ಎದುರು ತನ್ನ ಅಳತೆ ಹೇಳುವಷ್ಟರಲ್ಲಿ ಅವಳು ಬೇಡವೆಂದು ಬಿಡುತ್ತಾಳೆ.

ಮಕ್ಕಳ ಬಟ್ಟೆಗೆ ಬಣ್ಣ ನೋಡು. ನೀಲಿ, ಬಿಳಿ, ಬೂದಿ ಬಣ್ಣ ಕೊಳದ ನೀರಿನಲ್ಲಿ ಕಾಣುವುದೇ ಇಲ್ಲ. ಕಿತ್ತಳೆಯೋ ಎದ್ದು ಕಾಣುವ ಹಸಿರೋ ಇರಲಿ. ಇದು ಚಂದಕ್ಕೆ ಹೇಳುತ್ತಿರುವುದಲ್ಲ ಮಗಾ. ಮುಳುಗುವ ಕೂಸು ಕೂಗುವುದಿಲ್ಲ, ಕೈ ಬೀಸುವುದಿಲ್ಲ. ಬಾಯಿ ನೀರಿನ ಮಟ್ಟಕ್ಕೆ ಬಂದು ಹೋಗಿ, ಒಂದು ನಿಮಿಷದೊಳಗೆ ಸದ್ದಿಲ್ಲದೆ ಮುಗಿದು ಹೋಗಬಹುದು. 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು, ಅದರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳು ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಕೊಟ್ಟಿದೆ. ಗಾಳಿ ತುಂಬುವ ಟ್ಯೂಬು, ತೋಳಿನ ಬುಡ್ಡೆ ಕೊಂಡು ತುಂಬಿಕೊಳ್ಳಬೇಡ. ಅವು ಆಟದ ಸಾಮಾನು, ಜೀವ ಉಳಿಸುವಂಥವಲ್ಲ. ಚಿಕ್ಕವನು ನಿನ್ನ ಕೈಗೆ ಎಟಕುವಷ್ಟು ದೂರದಲ್ಲಿರಬೇಕು. ನೀನು ಜಾರುಬಂಡಿಗೆ ಹೋದರೆ "ಈಗ ನೀನು ನೋಡಿಕೋ" ಎಂದು ಬಾಯಿಬಿಟ್ಟು ಹೇಳಿ ನಿನ್ನ ಹೆಂಡತಿಗೆ ಒಪ್ಪಿಸಿಯೇ ಹೋಗು. ಎಲ್ಲರೂ ಇದ್ದಾರೆ, ಯಾರಾದರೂ ನೋಡುತ್ತಾರೆ ಎನ್ನುವ ಕಡೆಯೇ ಮಕ್ಕಳು ತಪ್ಪಿಹೋಗುವುದು. ಅಳಿಸದ ಮಾರ್ಕರ್ ಪೆನ್ನೊಂದು ಇಟ್ಟುಕೊಂಡು ಇಬ್ಬರು ಮಕ್ಕಳ ಮುಂಗೈ ಮೇಲೂ ನಿನ್ನ ಫೋನ್ ನಂಬರ್ ಬರೆ. ನಿನ್ನ ಫೋನು ಲಾಕರಿನಲ್ಲಿರುವುದಾದರೆ ಆಗಾಗ ಹೋಗಿ ನೋಡು.

ಒಡವೆ ಮನೆಯಲ್ಲೇ ಇರಲಿ. ಒಡವೆ ಜೊತೆಗೆ ಬಂದರೆ ಅದನ್ನು ಕಾಯಲು ಒಬ್ಬರು ಕೂರಬೇಕಾಗುತ್ತದೆ, ಆ ಒಬ್ಬರು ಯಾರು ಎಂದು ಮತ್ತೆ ಹೇಳಬೇಕಿಲ್ಲ. ಉಂಗುರ ಬೆರಳಿಗೆ ಬಿಗಿಯಾಗಿದೆ ಎಂದು ಧೈರ್ಯ ಮಾಡಬೇಡ, ತಣ್ಣೀರಿನಲ್ಲಿ ಬೆರಳು ಸಣ್ಣಗಾಗಿ ಜಾರುತ್ತದೆ. ಕೂಸಿನ ಕೊರಳ ತಾಯತ, ಕಾಲ್ಗೆಜ್ಜೆ, ತಲೆಯ ಪಿನ್ನು ಬಿಚ್ಚಿಸು. ನಿಮ್ಮವ್ವ ಮಾಂಗಲ್ಯ ತೆಗೆಯಲು ಒಪ್ಪುವುದಿಲ್ಲ, ನಾನೂ ತೆಗೆ ಎನ್ನುವುದಿಲ್ಲ. ಚಿನ್ನದ ಸರ ಬಿಚ್ಚಿಟ್ಟು ಅರಿಶಿನ ದಾರದಲ್ಲಿ ಕಟ್ಟಿಕೊಂಡು ಉಡುಪಿನ ಒಳಗೆ ಸೇರಿಸಿಕೊಳ್ಳಲಿ. ಅವಳೇನೂ ಜಾರುಬಂಡಿ ಹತ್ತಬೇಕಿಲ್ಲ. ಬಿಪಿ ಇದೆ, ಮಂಡಿ ನೋವಿದೆ, ಮೊಣಕಾಲುದ್ದದ ನೀರೇ ಅವಳಿಗೆ ಸಾಕು. ಅವಳ ಮಾತ್ರೆ ನೆನೆಯದ ಡಬ್ಬಿಯಲ್ಲಿರಲಿ. ಕನ್ನಡಕಕ್ಕೆ ಹಿಂದಿನಿಂದ ಒಂದು ದಾರ ಕಟ್ಟು.

ದಿನ ಗೊತ್ತುಮಾಡುವ ಮುಂಚೆ ಹೆಂಡತಿಯನ್ನೂ ದೊಡ್ಡ ಹುಡುಗಿಯನ್ನೂ ಕೇಳಿಕೋ. ಮುಟ್ಟಿನ ದಿನ ಬಂದರೆ ಪ್ಯಾಡು ನೀರಿನಲ್ಲಿ ಊದಿಕೊಂಡು ಕೆಲಸಕ್ಕೆ ಬರುವುದಿಲ್ಲ. ಕಪ್ ಬಳಸಿ ರೂಢಿ ಇರುವವರು ಇಳಿಯಬಹುದು, ಇಲ್ಲದವರಿಗಾಗಿ ಒಂದು ವಾರ ಮುಂದಕ್ಕೆ ಹಾಕಿದರೆ ಗಂಟೇನೂ ಹೋಗುವುದಿಲ್ಲ. ಇದನ್ನು ಗಂಡಸರು ಕೇಳಬಾರದು ಎನ್ನುವ ಕಾಲ ಮುಗಿಯಿತು. ನೀನು ಕೇಳು.

ಚಿಕ್ಕವನಿಗೆ ಮನೆಯಲ್ಲಿ ಹಾಕುವ ಡಯಾಪರ್ ಹಾಕಿ ನೀರಿಗೆ ಬಿಡಬೇಡ, ಅದೂ ಊದುತ್ತದೆ. ನೀರಿನಲ್ಲಿ ಹಾಕುವಂಥದೇ ಬೇರೆ ಸಿಗುತ್ತದೆ. ಯಾವ ಮಗುವಿಗಾದರೂ ಹೊಟ್ಟೆ ಕೆಟ್ಟಿದ್ದರೆ ಅವತ್ತು ಹೊರಡಲೇಬಾರದು, ಉಳಿದವರ ಮಕ್ಕಳಿಗೂ ಹರಡುತ್ತದೆ. ನೀರಿಗಿಳಿಯುವ ಮುಂಚೆ ಎಲ್ಲರೂ ಒಂದಕ್ಕೆ ಹೋಗಿ, ಮೈ ತೊಳೆದುಕೊಂಡು ಇಳಿಯಿರಿ. ಕೊಳದ ಹತ್ತಿರ ಮೂಗಿಗೆ ಹೊಡೆಯುವ ವಾಸನೆ, ಕಣ್ಣುರಿ ಬರುವುದು ಬರೀ ಕ್ಲೋರಿನ್‌ನಿಂದಲ್ಲ, ಬೆವರು, ಮೂತ್ರ ಕ್ಲೋರಿನ್ ಜೊತೆ ಸೇರಿದ್ದರಿಂದ. ತಲೆಗೆ ಎಣ್ಣೆ ಹಚ್ಚಿಕೊಂಡು ಹೋಗುವ ನಮ್ಮ ರೂಢಿ ಅವತ್ತೊಂದು ದಿನ ಬಿಡಿ. ಸಂಜೆಗೆ ಸೋಪು, ಶಾಂಪೂ ಪ್ಯಾಕೆಟ್ ಇರಲಿ.

ಊಟದ್ದು ಸ್ವಲ್ಪ ಕಷ್ಟ. ಇಂಥ ಪಾರ್ಕುಗಳಲ್ಲಿ ಮನೆ ತಿಂಡಿ ಒಳಗೆ ಬಿಡುವುದು ಕಡಿಮೆ, ಹಸುಗೂಸಿನ ಆಹಾರಕ್ಕೆ ಸಾಮಾನ್ಯವಾಗಿ ಅಡ್ಡಿ ಮಾಡುವುದಿಲ್ಲ. ಹಿಂದಿನ ದಿನ ಫೋನು ಮಾಡಿ ತಿಳಿದುಕೋ. ಮೊಸರನ್ನ ಕಟ್ಟಿ ಬಿಸಿಲಿನ ಗಾಡಿಯಲ್ಲಿ ಬಿಟ್ಟರೆ ಮಧ್ಯಾಹ್ನಕ್ಕೇ ಹುಳಿ ಬರುತ್ತದೆ. ಬೆಳಿಗ್ಗೆ ಹೊಟ್ಟೆ ತುಂಬ ಇಡ್ಲಿ ತಿಂದು ಹೊರಡಿ, ವಾಪಸು ಬರುವ ದಾರಿಗೆ ಪುಳಿಯೋಗರೆ, ಕಡ್ಲೆಪುರಿ, ಬಾಳೆಹಣ್ಣು ಸಾಕು. ನಂಜನಗೂಡು ರಸಬಾಳೆ ಸಿಕ್ಕರೆ ಮಕ್ಕಳಿಗೆ ತಿನ್ನಿಸು, ಈಗ ಅದು ಸಿಗುವುದೇ ಅಪರೂಪವಾಗಿದೆ, ಅವು ರುಚಿಯನ್ನಾದರೂ ತಿಳಿದಿರಲಿ. ಕುಡಿಯುವ ನೀರಿನ ವಿಷಯದಲ್ಲಿ ಮಾತ್ರ ಬಿಗಿಯಾಗಿರು. ನೀರಿನಲ್ಲೇ ಇರುವಾಗ ಬಾಯಾರಿಕೆ ಗೊತ್ತಾಗುವುದಿಲ್ಲ, ಏಪ್ರಿಲ್ ಬಿಸಿಲಿನಲ್ಲಿ ಮೈ ಒಳಗೊಳಗೇ ಒಣಗುತ್ತದೆ. ಮೆಡಿಕಲ್ ಸ್ಟೋರಿನ ಓಆರ್‌ಎಸ್ ಪುಡಿಯ ಪ್ಯಾಕೆಟ್ ಇಟ್ಟುಕೋ. ಇಲ್ಲದಿದ್ದರೆ 1 ಲೀಟರ್ ಕಾಯಿಸಿ ಆರಿಸಿದ ನೀರಿಗೆ ಸಮತಟ್ಟಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಹನ್ನೆರಡರಿಂದ ಮೂರರವರೆಗೆ ಮಕ್ಕಳನ್ನು ನೆರಳಿನಲ್ಲಿ ಕೂರಿಸು. ಸಾಯಂಕಾಲ ಮೋಡ ಕಟ್ಟಿ ಗುಡುಗು ಕೇಳಿದರೆ ಯಾರಾದರೂ ಹೇಳುವವರೆಗೆ ಕಾಯಬೇಡ, ಎಲ್ಲರನ್ನೂ ನೀರಿನಿಂದ ಎಬ್ಬಿಸು.

ಇನ್ನು ಬ್ಯಾಗು ಕಟ್ಟುವ ರೀತಿ. ಎಲ್ಲರ ಬಟ್ಟೆ ಒಂದೇ ಬ್ಯಾಗಿಗೆ ತುರುಕಬೇಡ. ಒಬ್ಬೊಬ್ಬರಿಗೆ ಒಂದೊಂದು ಕವರು. ತಳದಲ್ಲಿ ಪ್ಯಾಂಟೋ ಲಂಗವೋ, ಅದರ ಮೇಲೆ ಅಂಗಿ, ಅದರ ಮೇಲೆ ಒಳಬಟ್ಟೆ, ಎಲ್ಲಕ್ಕೂ ಮೇಲೆ ಟವೆಲು. ಬಟ್ಟೆ ಬದಲಿಸುವ ಕೋಣೆಯ ನೆಲವೆಲ್ಲ ನೀರು, ಗೂಟ ಇದ್ದರೆ ಒಂದೇ ಒಂದು. ಯಾವುದು ಮೊದಲು ಬೇಕೋ ಅದು ಮೊದಲು ಕೈಗೆ ಬಂದರೆ ಒಣ ಪ್ಯಾಂಟಿನ ಕಾಲು ನೆಲದ ನೀರಿನಲ್ಲಿ ಅದ್ದುವುದಿಲ್ಲ. ಒದ್ದೆಯದನ್ನು ಅದೇ ಕವರಿಗೆ ತುಂಬಿ ಬಾಯಿ ಕಟ್ಟಿದರಾಯಿತು. ಕೋಣೆಯ ಮುಂದೆ ಸಾಲು ದೊಡ್ಡದಿದ್ದರೆ ನಿಮ್ಮವ್ವನಿಗೆ ಒಂದು ಹಳೇ ಲಂಗ ಕೊಡು. ಎದೆಗೆ ಕಟ್ಟಿಕೊಂಡು, ಲಾಡಿಯನ್ನು ಹಲ್ಲಲ್ಲಿ ಕಚ್ಚಿ, ಒಳಗಿಂದಲೇ ಒದ್ದೆ ಬಟ್ಟೆ ಜಾರಿಸಿ ಒಣಗಿದ್ದು ತೊಡುವುದು ಹೊಳೆಯ ದಂಡೆಯಲ್ಲಿ ನಾವೆಲ್ಲ ಚಿಕ್ಕಂದಿನಲ್ಲೇ ಕಲಿತದ್ದು. ನಿನ್ನ ಮಗಳಿಗೂ ಕಲಿಸಲಿ.

ಹೀಗೆ ಹಗುರಾಗಿ ಹೋದರೆ ಸಾಮಾನೆಲ್ಲ ಒಂದು ಲಾಕರಿನಲ್ಲಿ ಹಿಡಿಯುತ್ತದೆ. ಬೀಗದ ಕೈ ನಿನ್ನ ಕೈಯಲ್ಲಿರಲಿ, ನಿಮ್ಮವ್ವನ ಕೈಗೆ ಕೊಡಬೇಡ.

ಅವಳ ಬಟ್ಟೆಯನ್ನು ನಾಲ್ಕು ದಿನ ಮೊದಲೇ ತಂದು, ಸೊಸೆಯ ಕೈಲಿ ಕೊಡಿಸು, ಬಾಗಿಲು ಹಾಕಿಕೊಂಡು ಒಮ್ಮೆ ತೊಟ್ಟು ನೋಡಲಿ. ಬೇಡ ಎಂದರೆ ಮೊಮ್ಮಗಳನ್ನು ಮುಂದೆ ಬಿಡು, ಅವಳ ಮಾತು ಮೀರುವುದಿಲ್ಲ. ಅಳತೆ ನಿನಗೆ ಗೊತ್ತಿರುವುದಿಲ್ಲ. ನನಗಿಂತ ಒಂದು ಸೈಜು ದೊಡ್ಡದು, ತೋಳು ಸಡಿಲ ಇರಬೇಕು. ಅಂಗಡಿಯಿಂದಲೇ ನನಗೆ ಫೋನು ಮಾಡು, ಹೇಳುತ್ತೇನೆ.