ಹೆಡರ್ ಕಡತವನ್ನು ಹುಡುಕುವ ದಾರಿ

ಸಿ ಭಾಷೆಯನ್ನು ಕಲಿಯತೊಡಗಿದ ಬಾಲಿಕೆಯರಿಗೆ ಮೊದಮೊದಲೇ ಒದಗುವ ಒಂದು ತೊಡಕನ್ನು ಕುರಿತು ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ನಾಲ್ಕು ಮಾತುಗಳನ್ನು ಅರಿಕೆಮಾಡಲಿಚ್ಛಿಸುತ್ತೇವೆ.

1972ರ ಸುಮಾರಿಗೆ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚೀ ಎಂಬವರು ರೂಪಿಸಿದ ಈ ಭಾಷೆಯಲ್ಲಿ, ಹಲವು ಪ್ರೋಗ್ರಾಮುಗಳಿಗೆ ಸಮಾನವಾಗಿ ಬೇಕಾದ ಘೋಷಣೆಗಳನ್ನು ‘ಹೆಡರ್’ ಎಂಬ ಪ್ರತ್ಯೇಕ ಕಡತಗಳಲ್ಲಿ ಬರೆದಿಡುವುದು ವಾಡಿಕೆ. ‘ಇನ್‌ಕ್ಲೂಡ್’ ಎಂದು ಬರೆದರೆ ಕಂಪೈಲರು ಆ ಕಡತವನ್ನು ಹುಡುಕಿ ತಂದು ಸೇರಿಸುವುದು. ಆದರೆ ಅದು ಯಂತ್ರದ ಮೂಲೆಮೂಲೆಯನ್ನೂ ಹುಡುಕದು; ತನಗೆ ಗೊತ್ತುಮಾಡಿದ ಫೋಲ್ಡರುಗಳನ್ನು ಮಾತ್ರ, ಗೊತ್ತುಮಾಡಿದ ಕ್ರಮದಲ್ಲಿಯೇ ನೋಡುವುದು. ಜಿಸಿಸಿ ಎಂಬ ಕಂಪೈಲರಿನಲ್ಲಿ ಹೆಸರನ್ನು ಉದ್ಧರಣ ಚಿಹ್ನೆಗಳ ನಡುವೆ ಬರೆದರೆ, ಮೊದಲು ಆ ಪ್ರೋಗ್ರಾಮಿರುವ ಫೋಲ್ಡರು, ಬಳಿಕ ‘ಹೈಫನ್ ಐ’ ಎಂಬ ಸೂಚನೆಯಿಂದ ನಾವು ತಿಳಿಸಿದವುಗಳು, ಕಡೆಗೆ ವ್ಯವಸ್ಥೆಯ ಸ್ವಂತ ಫೋಲ್ಡರುಗಳು. ಕೋನಚಿಹ್ನೆಗಳ ನಡುವೆ ಬರೆದರೆ ಮೊದಲನೆಯದನ್ನು ನೋಡುವುದಿಲ್ಲ.

ನಮ್ಮ ನಾಡಿನ ಕಾಲೇಜುಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ, 1987ರಲ್ಲಿ ಹೊರಬಂದ ಟರ್ಬೋ ಸಿಯಲ್ಲಿ ಇದರ ಒಳ್ಳೆಯ ದೃಷ್ಟಾಂತವುಂಟು. ಅದರ ಫೋಲ್ಡರನ್ನು ಬೇರೊಂದೆಡೆಗೆ ನಕಲುಮಾಡಿ, ‘ಆಪ್ಷನ್ಸ್’ನೊಳಗಣ ‘ಡೈರೆಕ್ಟರೀಸ್’ನಲ್ಲಿ ಹಳೆಯ ದಾರಿಯನ್ನೇ ಉಳಿಸಿದರೆ, ‘ಹೆಡರ್ ಕಡತವನ್ನು ತೆರೆಯಲಾಗದು’ ಎಂಬ ದೂರು ತಪ್ಪದೆ ಬರುವುದು. ಕಡತವೂ ಇದೆ, ಬರಹವೂ ಸರಿಯಾಗಿದೆ, ದಾರಿಯೊಂದೇ ತಪ್ಪಿದೆ.

ಇದಕ್ಕಿಂತಲೂ ಕಠಿಣವಾದುದು ದೂರೇ ಬಾರದ ತಪ್ಪು. ಕೊಪ್ಪವೆಂಬ ಊರು ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲಿಯೂ ಉಂಟು, ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನಲ್ಲಿಯೂ ಉಂಟು. ಜಿಲ್ಲೆಯನ್ನು ಹೇಳದೆ ‘ಕೊಪ್ಪಕ್ಕೆ ಹೋಗು’ ಎಂದರೆ ಮೂಡಿಗೆರೆಯವನು ಒಂದು ಕಡೆಗೆ, ಮದ್ದೂರಿನವನು ಮತ್ತೊಂದು ಕಡೆಗೆ ಹೊರಡುವನು. ಅಂತೆಯೇ ಒಂದೇ ಹೆಸರಿನ ಎರಡು ಹೆಡರುಗಳಿದ್ದರೆ ಕಂಪೈಲರು ಮೊದಲು ಸಿಕ್ಕಿದುದನ್ನೇ ಕೈಗೊಳ್ಳುವುದು. ಅದು ಹಳೆಯ ಆವೃತ್ತಿಯದಾಗಿದ್ದರೆ, ಪ್ರೋಗ್ರಾಮು ಯಾವ ಆಕ್ಷೇಪಣೆಯೂ ಇಲ್ಲದೆ ಸಿದ್ಧವಾಗಿ, ಓಡುವಾಗ ತಪ್ಪು ಲೆಕ್ಕವನ್ನು ಕೊಟ್ಟರೂ ಕೊಡಬಹುದು.

ಪರಿಹಾರವು ಸುಲಭವಾದುದೇ. ದೂರಿನ ಮೊದಲ ಸಾಲನ್ನು ನಿಧಾನವಾಗಿ ಓದತಕ್ಕದ್ದು. ಕಡತದ ಹೆಸರಿನ ಪ್ರತಿ ಅಕ್ಷರವನ್ನೂ ಪರೀಕ್ಷಿಸತಕ್ಕದ್ದು, ಏಕೆಂದರೆ ಲಿನಕ್ಸ್ ವ್ಯವಸ್ಥೆಯಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಬೇರೆ, ಚಿಕ್ಕಕ್ಷರ ಬೇರೆ. ಜಿಸಿಸಿಗೆ ‘ಹೈಫನ್ ವಿ’ ಎಂದು ಸೂಚಿಸಿದರೆ ತಾನು ಹುಡುಕುವ ಫೋಲ್ಡರುಗಳನ್ನು ಕ್ರಮವಾಗಿ ತೋರಿಸುವುದು. ದೊಡ್ಡಕ್ಷರದ ‘ಹೈಫನ್ ಎಚ್’ ಎಂದರೆ ತಾನು ತೆರೆದ ಹೆಡರುಗಳ ಹೆಸರುಗಳನ್ನು ಹೇಳುವುದು. ಸ್ವಂತ ಹೆಡರಿಗೆ ವ್ಯವಸ್ಥೆಯ ಹೆಡರಿನ ಹೆಸರನ್ನು ಎಂದಿಗೂ ಇಡಬಾರದು.

ಪೋಷಕರಲ್ಲಿ ನಮ್ಮ ವಿನಂತಿಯಿಷ್ಟೆ: ಮಗಳು ಇಂತಹ ದೂರನ್ನು ಕಂಡು ‘ಈ ವಿದ್ಯೆ ನನ್ನಿಂದಾಗದು’ ಎಂದು ಕುಗ್ಗಿದಾಗ, ಬೇರೆ ವಿಷಯವನ್ನು ಆರಿಸಿಕೋ ಎಂದು ಅವಸರದಿಂದ ಹೇಳದಿರಿ. ‘ಯಂತ್ರವು ಎಲ್ಲೆಲ್ಲಿ ಹುಡುಕಿತಮ್ಮಾ?’ ಎಂದು ಕೇಳಿರಿ. ಉತ್ತರವನ್ನು ಅವಳೇ ಕಂಡುಕೊಳ್ಳುವಳು.